ಮೊದಲು ನಾಯಿ, ಆಮೇಲೆ ಅತ್ತೆ

ಮಣ್ಣಿಗೆ ಬಂದಿದ್ದ ನೆಂಟರು ಒಬ್ಬೊಬ್ಬರಾಗಿ ಬಸ್ಸು ಹತ್ತಿದರು, ಬಾಡಿಗೆ ಕುರ್ಚಿಗಳು ಟೆಂಪೋ ಹತ್ತಿದವು, ಮನೆ ಮತ್ತೆ ಮನೆಯಷ್ಟೇ ದೊಡ್ಡದಾಯಿತು. ಅದರ ಮಾರನೆಯ ಬೆಳಿಗ್ಗೆ ಯಾರೋ ಬಾಗಿಲು ಕೆರೆದರು. ಸೊಸೆ ತೆಗೆದು ನೋಡಿದರೆ ಕೆಳಮನೆಯ ನಾಯಿ. ಸಂತಾಪ ಹೇಳಲು ಬಂದ ಮುಖವಲ್ಲ ಅದು, ಡ್ಯೂಟಿಗೆ ಬಂದ ಮುಖ. ಅವಳನ್ನು ದಾಟಿಕೊಂಡು ನೇರ ಅಡುಗೆಮನೆಗೆ ನಡೆದು, ಮೇಜಿನ ಪಕ್ಕ ಕೂತು, ಕತ್ತು ಬಗ್ಗಿಸಿ ಕಾಯತೊಡಗಿತು.

ಮೇಜಿನ ಆಚೆ ಅತ್ತೆ ಆಗಲೇ ತೋಳು ಮೇಲೇರಿಸಿ ಬಲಗೈ ಚಾಚಿ ಕೂತಿದ್ದರು. ಎದುರಿಗಿದ್ದ ಚಹಾಕ್ಕೆ ಕೆನೆ ಕಟ್ಟಿತ್ತು.

"ಯಂತ್ರ ಎಲ್ಲಿದೆ?" ಎಂದರು ಅತ್ತೆ.

ಯಾವ ಯಂತ್ರವೆಂದು ಹೊಳೆಯಲು ಸೊಸೆಗೆ ಸ್ವಲ್ಪ ಹೊತ್ತು ಹಿಡಿಯಿತು. ಈಚೆಗೆ ಜನರ ಮಾತೆಲ್ಲ ಅವಳಿಗೆ ಪಕ್ಕದ ಮನೆಯ ರೇಡಿಯೋದಂತೆ ಕೇಳುತ್ತಿತ್ತು. ಸದ್ದು ಬರುತ್ತಿತ್ತು, ಅರ್ಥ ನಿಧಾನವಾಗಿ ಹಿಂದೆ ಬರುತ್ತಿತ್ತು. ಗಂಡ ತೀರಿಕೊಂಡ ಮೇಲೆ ಅವಳು ಒಂದು ಹನಿ ಕಣ್ಣೀರು ಹಾಕಿರಲಿಲ್ಲ. ನೆಂಟರಿಗೆ ಇದು ಎರಡು ದಿನದ ಮಾತಿಗೆ ಸಾಕಾಗಿತ್ತು. "ಓದಿದವಳು ನೋಡು," ಎಂದು ಒಬ್ಬರು, "ಪಾಪ, ಗರ ಬಡಿದ ಹಾಗಾಗಿದೆ," ಎಂದು ಇನ್ನೊಬ್ಬರು. ಅವಳಿಗೆ ಎರಡೂ ಸರಿ ಅನ್ನಿಸಿತ್ತು.

ಯಂತ್ರ ಸಿಕ್ಕಿದ್ದು ಅವನ ಕೆಲಸದ ಚೀಲದಲ್ಲಿ, ಸ್ಪ್ಯಾನರುಗಳ ನಡುವೆ. ಅಂಗೈಗಿಂತ ತುಸು ದೊಡ್ಡದು, ಬಿಳಿಯದು, ಒಂದು ಗುಂಡಿ, ಒಂದು ಪುಟ್ಟ ಪರದೆ, ಮೇಲೆ ನಾಯಿಯ ಚಿತ್ರ.

"ಮೊದಲು ನಾಯಿ, ಆಮೇಲೆ ನಾನು," ಎಂದು ಅತ್ತೆ ನೆನಪಿಸಿದರು.

ಅವಳು ಅದನ್ನು ನಾಯಿಯ ಕತ್ತಿನ ಮೇಲೆ ಆಡಿಸಿದಳು. ಕೀಂ ಎಂದಿತು, ಉದ್ದದ ನಂಬರು ಬಂತು. ನಾಯಿ ತನ್ನ ಬಿಸ್ಕತ್ತು ತೆಗೆದುಕೊಂಡಿತು. ಬಳಿಕ ಅತ್ತೆಯ ಬಲಗೈ, ಮತ್ತೆ ಹಣೆ. 'ಚಿಪ್ ಇಲ್ಲ' ಎಂದು ಪರದೆ ಹೇಳಿತು. ಅತ್ತೆ "ಸ್ತೋತ್ರ" ಎಂದು ನಿಟ್ಟುಸಿರು ಬಿಟ್ಟು ಆರಿದ ಚಹಾ ಎತ್ತಿಕೊಂಡರು.

ಇದರ ಹಿಂದೆ ಒಂದು ಕಥೆಯಿತ್ತು. ಅತ್ತೆಯ ಅಣ್ಣ ಚರ್ಚಿನ ಸಭೆಯ ಹಿರಿಯರಲ್ಲಿ ಒಬ್ಬರು. ಎದುರಿಗೆ ಎಲ್ಲರೂ 'ಹಿರಿಯರೇ' ಅನ್ನುತ್ತಿದ್ದರು, ಬೆನ್ನ ಹಿಂದೆ 'ಕೊನೆಗಾಲದ ಮಾವ'. ಲೋಕ ಮುಗಿಯುವುದನ್ನು ಅವರು ಈಗಾಗಲೇ ಹಲವು ಸಲ ಲೆಕ್ಕ ಹಾಕಿ ಹೇಳಿದ್ದರು. ಲೋಕವೇ ಪ್ರತಿ ಸಲ ಕೈಕೊಟ್ಟಿತ್ತು. ಮಹಾಸಂಕಟದ ದಿನಗಳಿಗೆಂದು ಮಂಚದ ಕೆಳಗೆ ಡಬ್ಬಿ ಮೀನು ಕೂಡಿಟ್ಟಿದ್ದರು, ಸಂಕಟ ತಡವಾದಂತೆಲ್ಲ ಒಂದೊಂದು ಡಬ್ಬಿ ತೆರೆಯುತ್ತಿದ್ದರು. ಹೊರದೇಶದಲ್ಲೆಲ್ಲೋ ಆಫೀಸಿನ ಬಾಗಿಲು ತೆರೆಯಲು ಜನ ಕೈಯೊಳಗೆ ಅಕ್ಕಿಕಾಳಿನಷ್ಟು ಚಿಪ್ ಹಾಕಿಸಿಕೊಳ್ಳುತ್ತಿದ್ದಾರೆಂಬ ಸುದ್ದಿ ಬಂದಾಗಿನಿಂದ ಅವರಿಗೆ ನಿದ್ದೆಯಿರಲಿಲ್ಲ. ಬೈಬಲಿನ ಕೊನೆಯಲ್ಲಿ ಹೇಳಿದ ಮೃಗದ ಗುರುತು, ಮೂರು ಆರುಗಳ ಸಂಖ್ಯೆ, ಬರುವುದು ಹೀಗೇ. ಬಲಗೈಗೆ, ಇಲ್ಲವೇ ಹಣೆಗೆ. ಅದಿಲ್ಲದೆ ಕೊಳ್ಳುವಂತಿಲ್ಲ, ಮಾರುವಂತಿಲ್ಲ. ಅದಿದ್ದವರಿಗೆ ದೇವರ ಸನ್ನಿಧಿಯಿಲ್ಲ.

ಅದೇ ಹೊತ್ತಿಗೆ ಅತ್ತೆ ಬಚ್ಚಲಲ್ಲಿ ಕಣ್ಣು ಕತ್ತಲೆ ಬಂದು ಬಿದ್ದರು. ಆಸ್ಪತ್ರೆಯಲ್ಲಿ ಬಲಗೈಗೆ ಡ್ರಿಪ್ ಹಾಕಿದರು. ಮನೆಗೆ ಬಂದ ಮೇಲೆ ಸೂಜಿ ಚುಚ್ಚಿದ ಕಡೆ ಒಂದು ಗಂಟು ಉಳಿಯಿತು. ಗಟ್ಟಿಯಾಗಿ, ಪುಟ್ಟದಾಗಿ, ಹೆಚ್ಚುಕಡಿಮೆ ಅಕ್ಕಿಕಾಳಿನಷ್ಟು. ಅತ್ತೆಗೆ ಅನ್ನ ನೀರು ಬೇಡವಾಯಿತು. ತಾವು ಎಚ್ಚರ ತಪ್ಪಿದ್ದಾಗ ಯಾರೋ ತಮಗೆ ಗುರುತು ಹಾಕಿಬಿಟ್ಟಿದ್ದಾರೆ!

ಮಗ ಲಿಫ್ಟ್ ಮೆಕ್ಯಾನಿಕ್. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರ ಜೊತೆ ಅವನು ಯಾವತ್ತೂ ವಾದ ಮಾಡಿದವನಲ್ಲ. "ಹೆದರಬೇಡಿ ಅಂದ್ರೆ ಇನ್ನೂ ಹೆದರ್ತಾರೆ," ಅನ್ನುತ್ತಿದ್ದ. "ಅದಕ್ಕೆ ನಾನು ಹೊರಗಿನಿಂದ ಕೂಗ್ತೀನಿ, ಮೂರನೇ ನಂಬರ್ ಗುಂಡಿ ಒತ್ತಿ ಹಿಡ್ಕೊಳ್ಳಿ, ಕೈ ಬಿಟ್ಟೀರಾ ಜೋಕೆ ಅಂತ. ಆ ಗುಂಡಿಯಿಂದ ಏನೂ ಆಗಲ್ಲ. ಆದ್ರೆ ಹಿಡ್ಕೊಂಡವರು ಅಳಲ್ಲ." ತಾನು ಲಿಫ್ಟ್ ನೋಡಿಕೊಳ್ಳುತ್ತಿದ್ದ ಪ್ರಾಣಿಗಳ ಆಸ್ಪತ್ರೆಯಿಂದ, ಸಾಕುನಾಯಿಗಳ ಕತ್ತಿನ ಚರ್ಮದಡಿ ಗುರುತಿಗೆ ಹಾಕಿದ ಚಿಪ್ ಓದುವ ಈ ಸ್ಕ್ಯಾನರನ್ನು ಅವನು ಕೇಳಿ ತಂದ. ಕೇಳಿ ತರುವುದರಲ್ಲಿ ಎತ್ತಿದ ಕೈ, ಮರಳಿಸುವುದರಲ್ಲಿ ಅಲ್ಲ. ಯಂತ್ರ ಏನೂ ಇಲ್ಲವೆಂದಾಗ ಅತ್ತೆ, "ಅದು ಕೆಟ್ಟಿದ್ರೆ?" ಎಂದು ಕೊಕ್ಕೆ ಹಾಕಿದರು. ಅವನು ಕೆಳಗೆ ಹೋಗಿ ನಾಯಿಯನ್ನು ಕರೆತಂದ. ನಾಯಿಗೆ ಕೀಂ, ತಾಯಿಗೆ ಸುಮ್ಮನೆ. ಅಂದಿನಿಂದ ಇದು ದಿನಚರಿಯಾಯಿತು. ಗಂಟು ಕರಗಿ ಹೋದ ಮೇಲೂ ನಿಲ್ಲಲಿಲ್ಲ.

ಸೊಸೆಯ ಕೆಲಸ ನೀರು ಪರೀಕ್ಷೆಯ ಪ್ರಯೋಗಾಲಯದಲ್ಲಿ. ಕೊಳೆ ಇದೆಯೆಂದು ಗೊತ್ತಿರುವ ನೀರನ್ನು ಮೊದಲು ಪರೀಕ್ಷಿಸಿ, ಉಪಕರಣ ನಂಬಿಕಸ್ತವೆಂದು ಖಾತ್ರಿಮಾಡಿಕೊಂಡು, ಆಮೇಲೆ ಊರಿನ ನೀರಿಗೆ ಕೈಹಾಕುವುದು ಅಲ್ಲಿಯ ರೂಢಿ. ಅತ್ತೆ ಇದನ್ನು ಯಾವ ವಿಶ್ವವಿದ್ಯಾಲಯಕ್ಕೂ ಹೋಗದೆ ಕಂಡುಕೊಂಡಿದ್ದರು. ಅವಳಿಗೆ ಒಳಗೊಳಗೇ ಹೆಮ್ಮೆಯಾಗಿತ್ತು.

ನಿಜವಾದ ಫಜೀತಿ ಬೇರೆಯೇ ಇತ್ತು. ಅತ್ತೆ ಬಿದ್ದದ್ದು ಹೃದಯ ನಿಧಾನವಾಗಿದ್ದಕ್ಕೆ. ಪೇಸ್‌ಮೇಕರ್ ಹಾಕಲೇಬೇಕು, ಇಲ್ಲದಿದ್ದರೆ ಇನ್ನೊಮ್ಮೆ ಬಿದ್ದಾಗ ಏಳದೆ ಹೋಗಬಹುದು ಎಂದು ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಚರ್ಮದಡಿ ಇಡುವ ಯಂತ್ರ, ಅದಕ್ಕೊಂದು ನಂಬರು. ಅತ್ತೆ ತಲೆ ಮೇಲೆ ತಲೆ ಬಿದ್ದರೂ ಒಲ್ಲೆ ಎಂದಿದ್ದರು. ಮಗ, "ಇರಲಿ ಬಿಡಮ್ಮ, ಸ್ಕ್ಯಾನರ್ ಒಯ್ದು ಅದನ್ನೂ ನೋಡೇಬಿಡೋಣ," ಎಂದು ಪುಸಲಾಯಿಸುತ್ತಿದ್ದ. ಇನ್ನೇನು ಒಪ್ಪುವ ಹಾಗಿದ್ದರು. ಅಷ್ಟರಲ್ಲಿ ಊಟ ಮುಗಿಸಿ ಕೈ ತೊಳೆಯಲು ಎದ್ದವನು ಬೇಸಿನ್ನಿನ ಬಳಿಯೇ ಕುಸಿದ. ಒಂದು ದಿನವೂ ತಕರಾರು ಮಾಡದಿದ್ದ ಹೃದಯ ಅವನದು.

ನಾಯಿ ಬಂದು ಬಾಗಿಲು ಕೆರೆದ ಆ ಬೆಳಿಗ್ಗೆಯೇ ಪ್ರಾಣಿಗಳ ಆಸ್ಪತ್ರೆಯ ಪಶುವೈದ್ಯೆ ಫೋನ್ ಮಾಡಿದರು.

"ಹೇಗೆ ಕೇಳೋದೋ ಗೊತ್ತಾಗ್ತಿಲ್ಲ. ಈ ಹೊತ್ತಲ್ಲಿ ಕೇಳಬಾರದು..."

"ಏಣಿನಾ?" ಎಂದಳು ಸೊಸೆ. ಹಾಗೆ ಶುರುವಾಗುವ ಮಾತು ಅವಳಿಗೆ ಅಭ್ಯಾಸವಾಗಿತ್ತು. ಸಂತಾಪ ಹೇಳಲು ಬಂದವರಲ್ಲಿ ಅರ್ಧಕ್ಕರ್ಧ ಜನ ಕಣ್ಣೊರೆಸಿಕೊಳ್ಳುತ್ತಲೇ ಅಟ್ಟದ ಕಡೆ ನೋಡಿದವರು. ಅಂಥ ಮನುಷ್ಯ ಇನ್ನು ಸಿಗೋದಿಲ್ಲಮ್ಮ, ಅಂದಹಾಗೆ ನಮ್ಮದೊಂದು ಡ್ರಿಲ್ಲು...

"ಏಣಿಯಲ್ಲ. ಸ್ಕ್ಯಾನರ್. ನಮ್ಮದು ಇನ್ನೊಂದು ಕೆಟ್ಟಿದೆ. ಕಳೆದುಹೋದ ನಾಯಿಗಳನ್ನು ತಂದು ಬಿಡ್ತಾರೆ, ಯಾರದು ಅಂತ ತಿಳಿಯಲ್ಲ. ನಿಮ್ಮ ಯಜಮಾನ್ರು ಎರಡು ದಿನಕ್ಕೆ ಅಂತ ಒಯ್ದಿದ್ರು, ಬೇಸಿಗೆಯಲ್ಲಿ."

ಇದು ಮಳೆಗಾಲ. ಸೊಸೆ ವಾರ ಕಳೆಯುವುದರೊಳಗೆ ತರುತ್ತೇನೆ ಎಂದಳು.

ಫೋನಿಟ್ಟು ತಿರುಗಿದರೆ ಅತ್ತೆ ಎಲ್ಲ ಕೇಳಿಸಿಕೊಂಡಿದ್ದರು.

"ಹಾಗಾದ್ರೆ ಅದೂ ಹೋಗುತ್ತೆ," ಎಂದರು.

"ಅತ್ತೆ, ಅದು ಹೋಗೋದರೊಳಗೆ ಡಾಕ್ಟರ ಹತ್ರ ಹೋಗೋಣ. ನಿಮ್ಮ ಮಗ ಹೇಳ್ತಿದ್ದ ಹಾಗೇ. ಆ ಪೇಸ್‌ಮೇಕರ್ ಮೇಲೂ ಇದನ್ನ ಹಿಡಿದು ನೋಡೋಣ."

ಅತ್ತೆ ಲೋಟದ ತಳವನ್ನೇ ನೋಡಿದರು. "ಮುಂಚೆ ಆಗಿದ್ರೆ ಬೇರೆ ಮಾತು. ಈಗ ಅವನು ಅಲ್ಲಿದ್ದಾನೆ. ನಾನು ಹೋದಾಗ ಬಾಗಿಲಲ್ಲಿ ತಡೆದು, ಎದೇಲಿ ಏನಿಟ್ಕೊಂಡಿದ್ದೀಯ ಅಂತ ಕೇಳಿದ್ರೆ? ಅವನು ಒಳಗೆ, ನಾನು ಹೊರಗೆ. ಊರವರನ್ನೆಲ್ಲ ಲಿಫ್ಟಿಂದ ಈಚೆಗೆ ತೆಗೆದ ಹುಡುಗ, ಹೆತ್ತವಳನ್ನ ಒಳಗೆ ಕರ್ಕೊಳ್ಳೋಕೆ ಆಗದೆ ನಿಂತಿರ್ತಾನೆ. ಅದನ್ನ ನಾನು ನೋಡಬೇಕಾ?"

ಸೊಸೆ ಖಾಲಿ ಲೋಟವನ್ನು ತೆಗೆದು ಪಕ್ಕಕ್ಕಿಟ್ಟಳು. ಗಂಡನಾಗಿದ್ದರೆ ಒಂದು ಗುಂಡಿ ತೋರಿಸುತ್ತಿದ್ದ.

"ಬರ್ತೀನಿ," ಎಂದರು ಅತ್ತೆ ಕೊನೆಗೆ. "ಆದ್ರೆ ಅಣ್ಣನೂ ಬರಬೇಕು. ಅವನು ಸೈ ಅಂದ್ರೆ ಸೈ."

ಸೊಸೆಯ ಎದೆ ಧಸಕ್ಕೆಂದಿತು. ಆ ವಾರದಲ್ಲಿ ಮೊದಲ ಬಾರಿಗೆ ಅವಳಿಗೆ ಏನೋ ಅನ್ನಿಸಿದ್ದು ಅದೇ.

*

ಕೊನೆಗಾಲದ ಮಾವ ತಮ್ಮ ಕಾರಿನಲ್ಲೇ ಬಂದರು. ಹೊಸದಲ್ಲ ಆ ಕಾರು, ಆದರೆ ಲೋಕ ಮುಗಿಯುತ್ತದೆಂದು ನಂಬಿದವರು ಇಷ್ಟು ಹೊಳಪಾಗಿ ಇಟ್ಟುಕೊಂಡ ವಸ್ತು ಇನ್ನೊಂದಿರಲಿಲ್ಲ. ಸೀಟಿಗೆ ಹಾಕಿದ ಪ್ಲಾಸ್ಟಿಕ್ ಹಾಳೆಯನ್ನು ಇನ್ನೂ ತೆಗೆದಿರಲಿಲ್ಲ. ಅತ್ತೆ ಕೂತಾಗ ಅದು ಚರಚರ ಎಂದಿತು.

ಡಾಕ್ಟರ ಕೋಣೆ ಚಿಕ್ಕದು. ಮೂರು ಕುರ್ಚಿ, ಒಂದು ತಕ್ಕಡಿ, ಗೋಡೆಯಲ್ಲಿ ಹೃದಯವನ್ನು ಸೀಳಿ ತೋರಿಸಿದ ಚಿತ್ರ. ಡಾಕ್ಟರು ಮೇಜಿನ ಖಾನೆಯಿಂದ ಮಾದರಿಯ ಪೇಸ್‌ಮೇಕರ್ ತೆಗೆದು ಕಾಗದದ ಮೇಲಿಟ್ಟರು. ಹೊಳೆಯುವ, ಗುಂಡನೆಯ, ಕೋಟಿನ ದೊಡ್ಡ ಗುಂಡಿಯಂಥ ವಸ್ತು.

"ಇಷ್ಟೇ," ಎಂದರು.

"ಸರ್ಪವೂ ಮೊದಲು ಇಷ್ಟೇ ಇರುತ್ತೆ," ಎಂದರು ಮಾವ.

ಡಾಕ್ಟರು ಅವರ ಕಡೆ ನೋಡಿ, ಸೊಸೆಯ ಕಡೆ ನೋಡಿ, "ಇವರು?" ಎಂದರು.

"ನಮ್ಮ ಹಿರಿಯರು. ಪರೀಕ್ಷೆ ಮಾಡ್ತಾರಂತೆ."

ಮಾವ ಸ್ಕ್ಯಾನರನ್ನು ಎಡಗೈಯಲ್ಲಿ ಹಿಡಿದು, ಕಣ್ಣು ಮುಚ್ಚಿ ಚಿಕ್ಕ ಪ್ರಾರ್ಥನೆ ಮಾಡಿ, ಯಂತ್ರವನ್ನು ಯಂತ್ರದ ಮೇಲೆ ಆಡಿಸಿದರು. 'ಚಿಪ್ ಇಲ್ಲ.' ತಿರುಗಿಸಿ ಹಿಂಬದಿಗೂ ಆಡಿಸಿದರು. 'ಚಿಪ್ ಇಲ್ಲ.' ಅವರ ಮುಖ ಸಪ್ಪಗಾಯಿತು.

"ನಾಯಿ ಎಲ್ಲಿ?" ಎಂದರು ಅತ್ತೆ.

"ಯಾವ ನಾಯಿ?" ಎಂದರು ಡಾಕ್ಟರು.

"ನಾಯಿ ಇಲ್ಲದೆ ಹೇಗೆ ನಂಬೋದು? ಮೊದಲು ನಾಯಿಗೆ ಹಿಡೀಬೇಕು, ಅದು ಕೂಗಬೇಕು. ಆಮೇಲೆ ಮನುಷ್ಯರಿಗೆ. ಯಂತ್ರ ಸತ್ತಿದ್ರೆ ಇಲ್ಲ ಅಂತಾನೇ ಹೇಳುತ್ತೆ."

"ಅಮ್ಮ, ಇದು ಹೃದಯದ ವಿಭಾಗ. ನಾಯಿ ಬಿಡಲ್ಲ."

"ಹಾಗಾದ್ರೆ ಈ ಪರೀಕ್ಷೆ ನಡೆಯಲ್ಲ," ಎಂದು ಅತ್ತೆ ಸೆರಗು ಸರಿಮಾಡಿಕೊಂಡು ಎದ್ದೇಬಿಟ್ಟರು. ಮಾವನಿಗೂ ಅಷ್ಟೇ ಬೇಕಿತ್ತು. "ನಾನು ಮೊದಲೇ ಹೇಳಿದ್ದೆ ತಂಗಿ, ಇದರ ಮೇಲೆ ಭರವಸೆ ಇಡಬಾರದು," ಎನ್ನುತ್ತ ಬಲಗೈ ಎತ್ತಿ ಸ್ಕ್ಯಾನರಿನ ಮುಂದೆ ಬೀಸಿದರು.

ಕೀಂ.

ಪರದೆಯ ಮೇಲೆ ಉದ್ದಕ್ಕೆ ಅಂಕಿಗಳು ನಿಂತಿದ್ದವು.

ಮಾವ ತಮ್ಮ ಬಲಗೈಯನ್ನು ಬೇರೆ ಯಾರದೋ ಕೈಯೆಂಬಂತೆ ನೋಡಿದರು. ಇನ್ನೊಮ್ಮೆ ಸ್ಕ್ಯಾನರಿನ ಹತ್ತಿರ ತಂದರು. ಕೀಂ.

"ಯಾವಾಗ?" ಎಂದರು ಸಣ್ಣ ದನಿಯಲ್ಲಿ. "ನನಗೆ ಯಾವಾಗ ಹಾಕಿದ್ರು? ಹಲ್ಲು ಕೀಳಿಸಿದಾಗಲಾ?"

"ಹಲ್ಲಿಗೂ ಕೈಗೂ ಏನು ಸಂಬಂಧ ಅಣ್ಣಾ?"

"ಮಂಪರು ಕೊಟ್ಟಿದ್ರಲ್ಲ! ನಂಬರ್ ಓದಮ್ಮ, ನಂಬರ್ ಓದು. ಆರು ಎಷ್ಟಿದೆ?"

ಸೊಸೆ ಓದಿದಳು. "ಒಂದೇ ಒಂದು ಇದೆ ಮಾವ."

"ಉಳಿದೆರಡು ಹಿಂದೆ ಬರ್ತಿರಬಹುದು," ಎಂದು ಅವರು ಕುರ್ಚಿಯಲ್ಲಿ ಕುಸಿದರು. ಡಾಕ್ಟರು ಅಭ್ಯಾಸಬಲದಿಂದ ಅವರ ನಾಡಿ ಹಿಡಿಯಲು ಮುಂದಾದರು.

ಅತ್ತೆ ಮಾತ್ರ ಅಣ್ಣನ ಮುಷ್ಟಿಯನ್ನೇ ನೋಡುತ್ತಿದ್ದರು. "ಅಣ್ಣಾ, ಕೈ ಬಿಚ್ಚು."

ಮಾವ ಬಿಚ್ಚಿದರು. ಅಂಗೈಯಲ್ಲಿ ಕಾರಿನ ಕೀಲಿಕೈ ಇತ್ತು. ಅದನ್ನು ಅವರು ಯಾರ ಮೇಜಿನ ಮೇಲೂ ಇಡುವವರಲ್ಲ, ಕಾರು ಅಷ್ಟು ಮುದ್ದು. ಸೊಸೆ ಕೀಲಿಕೈಯನ್ನು ತೆಗೆದು ಬೇರೆಯಾಗಿ ಹಿಡಿದಳು. ಕೀಲಿಕೈ ಕೂಗಿತು. ಬರಿಗೈ ಸುಮ್ಮನಿತ್ತು.

"ಕಳ್ಳತನ ಆಗಬಾರದು ಅಂತ ಕೀಲಿ ಒಳಗೆ ಚಿಪ್ ಇಟ್ಟಿರ್ತಾರೆ," ಎಂದಳು. "ಕೆಲವು ಕಾರುಗಳದ್ದು ನಾಯಿ ಚಿಪ್ಪಿನ ಥರದ್ದೇ."

ಮೊದಲು ಕಿಸಕ್ಕೆಂದದ್ದು ಅತ್ತೆ. ಬಾಯಿಗೆ ಸೆರಗು ಅಡ್ಡ ಹಿಡಿದರೂ ತಡೆಯಲಿಲ್ಲ, ಭುಜ ಕುಣಿಯಿತು. "ಇಷ್ಟು ವರ್ಷ ಸಭೇಲಿ ನಿಂತು ನಮ್ಮನ್ನೆಲ್ಲ ಬೆವರಿಳಿಸಿದ್ದೀಯ. ನಿನ್ನ ಬಲಗೈಯಲ್ಲೇ ಇತ್ತಲ್ಲೋ ಅಣ್ಣಾ! ಮಾರಿಬಿಡು ಕಾರನ್ನ!"

"ಮಾರೋದಾ?" ಮಾವನಿಗೆ ಜೀವ ಬಂತು. "ಮಾರೋದು ಯಾಕೆ? ನೀನು ಸರಿಯಾಗಿ ಅರ್ಥ ಮಾಡ್ಕೊಂಡಿಲ್ಲ. ಗುರುತು ಅಂದ್ರೆ ಬರೀ ಚಿಪ್ ಅಲ್ಲ. ಮೃಗಕ್ಕೆ ಅಡ್ಡಬಿದ್ದು, ಮನಸಾರೆ ಒಪ್ಪಿ ತಗೊಂಡ್ರೆ ಅದು ಗುರುತು. ಆರಾಧನೆ ಮುಖ್ಯ, ಆರಾಧನೆ! ನಾನೇನು ಕಾರಿಗೆ ಅಡ್ಡಬಿದ್ದಿದ್ದೀನಾ?"

"ಪ್ರತಿ ಶನಿವಾರ ಮೊಣಕಾಲೂರಿ ಚಕ್ರ ಒರೆಸ್ತೀಯಲ್ಲ?"

"ಅದು ಆರಾಧನೆ ಅಲ್ಲ, ಪಾಲಿಶ್!"

"ಹಾಗಾದ್ರೆ ನನ್ನ ಎದೇಲಿ ಈ ಬಿಲ್ಲೆ ಇಟ್ರೆ?"

ಮಾವ ಕಾರಿನ ಕೀಲಿಯನ್ನೂ ಪೇಸ್‌ಮೇಕರನ್ನೂ ಒಂದಾದ ಮೇಲೊಂದರಂತೆ ನೋಡಿದರು. ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ನರಕಕ್ಕೆ ಕಳಿಸುವ ದಾರಿ ಹುಡುಕುತ್ತಿದ್ದುದು ಕಾಣುತ್ತಿತ್ತು. ಸಿಗಲಿಲ್ಲ.

"ನೀನು ಅದಕ್ಕೆ ಅಡ್ಡಬೀಳ್ತೀಯಾ?" ಎಂದರು.

"ಅದನ್ನ ಹಾಕಿಸದೆ ಇದ್ರೇ ಅಡ್ಡಬೀಳೋದು. ಬಚ್ಚಲಲ್ಲಿ."

"ಹಾಗಾದ್ರೆ..." ಮಾವ ಕೀಲಿಕೈಯನ್ನು ಜೇಬಿಗಿಳಿಸಿದರು. ಎಡ ಜೇಬಿಗೆ. "ನನ್ನ ಅಡ್ಡಿಯಿಲ್ಲ."

ಡಾಕ್ಟರು ಒಪ್ಪಿಗೆಯ ಕಾಗದ ಹುಡುಕತೊಡಗಿದರು. ಆದರೆ ಅತ್ತೆ ಕೂರಲಿಲ್ಲ. ಸೊಸೆಯ ಕಡೆ ತಿರುಗಿದರು. ನಗು ಇನ್ನೂ ಕಣ್ಣಂಚಿನಲ್ಲಿತ್ತು, ಉಳಿದ ಮುಖದಲ್ಲಿರಲಿಲ್ಲ.

"ಅಣ್ಣ ಕಾರು ಉಳಿಸ್ಕೊಳ್ಳೋಕೆ ಹೇಳಿದ. ನನ್ನ ಮಗ ಇದ್ದಿದ್ರೆ ನನಗೆ ಧೈರ್ಯ ಬರಲಿ ಅಂತ ಏನಾದ್ರೂ ಹೇಳ್ತಿದ್ದ. ನೀನು ಹಾಗೆಲ್ಲ ಹೇಳೋಳಲ್ಲ. ನಿಜ ಹೇಳು. ಈ ಬಿಲ್ಲೇಲಿ ಏನೂ ಇಲ್ವಾ?"

ಇಲ್ಲ ಅನ್ನಬಹುದಿತ್ತು. ಪರದೆಯೇ ಹೇಳಿತ್ತಲ್ಲ. ಮೂರನೇ ನಂಬರ್ ಗುಂಡಿ ಕೈಗೆಟಕುವಷ್ಟು ಹತ್ತಿರದಲ್ಲಿತ್ತು. ಸೊಸೆ ಬೆರಳು ಚಾಚಲು ನೋಡಿದಳು, ಆಗಲಿಲ್ಲ.

"ಇದೆ ಅತ್ತೆ," ಎಂದಳು. "ಆ ಸ್ಕ್ಯಾನರಿಗೆ ನಾಯಿ ಚಿಪ್ ಥರದ್ದು ಬಿಟ್ರೆ ಬೇರೇನೂ ಕಾಣಲ್ಲ. ಇದಕ್ಕೊಂದು ನಂಬರ್ ಇದೆ. ನಿಮ್ಮ ಹೃದಯ ಹೇಗೆ ಹೊಡ್ಕೊಳ್ತಿದೆ ಅಂತ ಇದು ಡಾಕ್ಟರಿಗೆ ಹೇಳುತ್ತೆ."

ಮಾವ "ನೋಡಿದ್ಯಾ!" ಎಂದು ಏಳಲು ಹೋದವರು, ಜೇಬಿನಲ್ಲಿ ಕೀಲಿ ಚುಚ್ಚಿ ಮತ್ತೆ ಕೂತರು.

"ಯಾರಿಗೆ ಅಡ್ಡಬೀಳ್ತೀರಿ ಅಂತ ಕೇಳಲ್ಲ. ಕೊಳ್ಳಬೇಡಿ ಮಾರಬೇಡಿ ಅನ್ನಲ್ಲ. ಬೇಡ ಅಂದ್ರೆ ಬೇಡ ಅನ್ನಬಹುದು, ಯಾರೂ ಬಲವಂತ ಮಾಡಲ್ಲ. ಆಮೇಲಿನ ಬಾಗಿಲಿನ ವಿಷಯ ನನಗೆ ಗೊತ್ತಿಲ್ಲ ಅತ್ತೆ. ನಮ್ಮನೆ ಬಾಗಿಲು ಗೊತ್ತು. ನೀವೂ ಹೋದ್ರೆ ಏಣಿ ಕೇಳೋಕೆ ಬಂದವರಿಗೆಲ್ಲ ನಾನೊಬ್ಬಳೇ ತೆಗೀಬೇಕು. ಬೆಳಿಗ್ಗೆ ನಾಯಿ ಬಂದು ಕೂರುತ್ತೆ. ಅದಕ್ಕೆ ನಾನು ಏನಂತ ಹೇಳಲಿ?"

ಹೇಳುತ್ತಿದ್ದಂತೆ ಅಳು, ವಾರದಿಂದ ಎಲ್ಲಿ ಅಡಗಿತ್ತೋ, ಹೃದಯದ ಡಾಕ್ಟರ ಕೋಣೆಯಲ್ಲಿ, ತಕ್ಕಡಿಯ ಪಕ್ಕದಲ್ಲಿ, ನಾಯಿಯ ಹೆಸರಿನಲ್ಲಿ ಹೊರಬಂತು. ಡಾಕ್ಟರು ಹತ್ತಿಯ ಡಬ್ಬಿಯನ್ನೇ ಮುಂದೆ ತಳ್ಳಿದರು.

ಅತ್ತೆ ಕೂತರು. ಮಾದರಿಯನ್ನು ಬೆರಳ ತುದಿಯಿಂದ ಹೊರಳಿಸಿ ನೋಡಿ ಡಾಕ್ಟರನ್ನು ಕೇಳಿದರು, "ಎಲ್ಲಿ ಇಡ್ತೀರಿ ಇದನ್ನ?"

"ಸಾಮಾನ್ಯವಾಗಿ ಎಡಗಡೆ. ಭುಜದ ಕೆಳಗೆ."

"ಎಡಗಡೆನಾ?" ಅತ್ತೆ ಅಣ್ಣನ ಕಡೆ ತಿರುಗಿದರು. "ಎಡಗಡೆಯಂತೆ!"

"ಬರೆದಿರೋದು ಬಲಗೈ," ಎಂದು ಮಾವ ಒಪ್ಪಿಕೊಂಡರು. "ಎಡಭುಜದ ಬಗ್ಗೆ ಒಂದು ಮಾತೂ ಇಲ್ಲ."

"ಇದನ್ನ ಮೊದಲೇ ಹೇಳಬಾರದಿತ್ತಾ ಡಾಕ್ಟ್ರೇ? ಸುಮ್ಮನೆ ಮಗು ಅತ್ತುಬಿಡ್ತು." ಅತ್ತೆ ಹತ್ತಿಯ ಉಂಡೆಯೊಂದನ್ನು ಕಿತ್ತು ಸೊಸೆಯ ಕೈಗೆ ತುರುಕಿದರು. "ಬಾಗಿಲಲ್ಲಿ ಕೇಳಿದ್ರೆ ಕೇಳಲಿ. ಸೊಸೆ ಹತ್ರ ಯಾರೂ ಇರಲಿಲ್ಲ, ಅದಕ್ಕೆ ತಡವಾಯ್ತು ಅಂತೀನಿ. ಎಲ್ಲಿ ಸಹಿ ಹಾಕಬೇಕು?"

*

ಪೇಸ್‌ಮೇಕರ್ ಎಡಭುಜದ ಕೆಳಗೆ ಸುಸೂತ್ರವಾಗಿ ಕೂತಿತು. ಮನೆಗೆ ಕಳಿಸುವಾಗ ಡಾಕ್ಟರು, ದಿನಾ ಬೆಳಿಗ್ಗೆ ಎದ್ದ ಕೂಡಲೇ ನಾಡಿ ನೋಡಬೇಕು ಎಂದು ಸೊಸೆಗೆ ಕೈ ಹಿಡಿದು ತೋರಿಸಿಕೊಟ್ಟರು.

ಮಾರನೆಯ ದಿನವೇ ಸ್ಕ್ಯಾನರನ್ನು ಹಿಂದಿರುಗಿಸಲು ಹೊರಟರು. ಮಾವ ಕಾರು ತಂದರು. ಅತ್ತೆ ತಾವೂ ಬರುತ್ತೇನೆಂದು ಪಟ್ಟು ಹಿಡಿದರು. ಅವರು ಹೊರಟದ್ದು ಕಂಡು ನಾಯಿಯೂ ಹತ್ತಿತು. ನಾಯಿಯ ಕೆಳಗೆ ಹಾಸಲು ಮಾವ ಎರಡನೆಯ ಪ್ಲಾಸ್ಟಿಕ್ ಹಾಳೆ ತೆಗೆದರು, ಬಾಯಿ ಮಾತ್ರ ತೆರೆಯಲಿಲ್ಲ. ಡಾಕ್ಟರ ಕೋಣೆಗೆ ಹೋಗಿಬಂದಂದಿನಿಂದ ಸಭೆಯಲ್ಲೂ ಅವರು ಚಿಪ್ಪಿನ ಸುದ್ದಿ ಬಿಟ್ಟು ಭೂಕಂಪಗಳ ಕಡೆ ಹೊರಳಿದ್ದರು.

ಪ್ರಾಣಿಗಳ ಆಸ್ಪತ್ರೆಯಲ್ಲಿ ಫಿನಾಯಿಲಿನ ವಾಸನೆ. ಪಶುವೈದ್ಯೆ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದರು. ಸೊಸೆ ಸ್ಕ್ಯಾನರನ್ನು ಚೀಲದಿಂದ ತೆಗೆದಳು. ಅದರ ಹಿಂಬದಿಗೆ ಅವನ ಕೈಯ ಗ್ರೀಸು ಅಂಟಿತ್ತು. ಒರೆಸಲೋ ಬೇಡವೋ ಎಂದು ಮನೆಯಲ್ಲಿ ಬಹಳ ಹೊತ್ತು ಯೋಚಿಸಿ, ಒರೆಸದೆ ತಂದಿದ್ದಳು.

"ತಡವಾಯ್ತು," ಎಂದಳು. "ಅವರ ಪರವಾಗಿ."

"ಲಿಫ್ಟ್ ನಿಂತಾಗ ನನ್ನನ್ನೂ ಒಂದು ಸಲ ಹೊರಗೆ ತೆಗೆದಿದ್ರು," ಎಂದರು ಪಶುವೈದ್ಯೆ. "ಅರ್ಧ ಗಂಟೆ ಒಂದು ಗುಂಡಿ ಒತ್ತಿಸಿದ್ರು. ಬೆರಳು ನೋವು ಬಂದಿತ್ತು." ಯಂತ್ರವನ್ನು ಗುಂಡಿ ಒತ್ತಿ ನೋಡಿ, ಗ್ರೀಸಿನ ಸಮೇತ ಖಾನೆಯಲ್ಲಿಟ್ಟು ಮುಚ್ಚಿದರು.

ಖಾನೆ ಮುಚ್ಚಿದ ಸದ್ದಿಗೆ ಅತ್ತೆ ಬೆಂಚಿನ ಮೇಲೆ ಕೂತಿದ್ದವರು, ತಮಗೇ ತಿಳಿಯದಂತೆ, ಬಲಗೈ ಚಾಚಿದ್ದರು. ಬೆಳಗಿನ ಗಡಿಬಿಡಿಯಲ್ಲಿ ಅವತ್ತಿನ ಪಾಳಿ ತಪ್ಪಿತ್ತು. ಸೊಸೆ ಪಕ್ಕದಲ್ಲಿ ಕೂತು ಆ ಮಣಿಕಟ್ಟನ್ನು ಹಿಡಿದು ನಾಡಿಗೆ ಬೆರಳಿಟ್ಟಳು.

"ತಡಿ ತಡಿ," ಎಂದು ಅತ್ತೆ ಕೈ ಕಿತ್ತುಕೊಂಡರು. "ಕ್ರಮ ಅಂತ ಒಂದಿದೆ."

ಅವರ ಕಾಲ ಬಳಿ ನಾಯಿ ನೆಟ್ಟಗೆ ಕೂತು, ಕತ್ತು ಬಗ್ಗಿಸಿ ಕಾಯುತ್ತಿತ್ತು.

ಸೊಸೆ ಪಶುವೈದ್ಯೆಯ ಕಡೆ ನೋಡಿದಳು. "ನಾಯಿಗೆ ನಾಡಿ ಎಲ್ಲಿ ಸಿಗುತ್ತೆ?"

"ಹಿಂಗಾಲಲ್ಲಿ. ಒಳತೊಡೆ ಹತ್ರ ಬೆರಳಿಟ್ಟು ನೋಡಿ," ಎಂದರು ಪಶುವೈದ್ಯೆ.

ಅವಳು ನೆಲಕ್ಕೆ ಮೊಣಕಾಲೂರಿದಳು.